ಹೆಚ್ಚು ಓದಿದ್ದೇ ಮೇಲೆ ಬರಬೇಕೆ?

ಬಸವಕಲ್ಯಾಣ/ಹುಮನಾಬಾದ್: ಬಸವಣ್ಣನ ಊರಲ್ಲಿ ಗ್ರಂಥಾಲಯದ ಕಂಪ್ಯೂಟರಿಗೆ ‘ಬಸವಣ್ಣ’ ಎಂದು ಹೆಸರು ಕೊಟ್ಟರೆ ಏನಾದೀತು? ಪುಸ್ತಕಗಳ ಮೆರವಣಿಗೆಯೇ ಹೊರಟೀತು! ಚರಿತ್ರೆ, ವಚನ, ನಾಟಕ, ಪರೀಕ್ಷೆಯ ಗೈಡು... ಇದರಲ್ಲಿ ಮೊದಲು ಕಾಣಬೇಕಾದದ್ದು ಯಾವುದು?

ಕಾರ್ಡಿನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. “ಛಲೋ ಪುಸ್ತಕ ಯಾವುದದರಿ?” ಎಂದರೆ ಅನುಭವಸ್ಥ ಗ್ರಂಥಪಾಲಕರು ಸೀದಾ ಕಪಾಟಿಗೆ ಕೈಹಾಕಿ, “ಇದು ಒಯ್ರಿ, ಎಲ್ಲಾರೂ ಇದನ್ನೇ ಕೇಳ್ತಾರ” ಎನ್ನುತ್ತಿದ್ದರು. ಕಂಪ್ಯೂಟರಿಗೆ ಆ ಅನುಭವವೆಲ್ಲಿ? ಹಾಗಾಗಿ ಅದಕ್ಕೆ ಲೆಕ್ಕ ಕಲಿಸಿದ್ದಾರೆ. ಎಷ್ಟು ಸಲ ಪುಸ್ತಕ ಹೊರಗೆ ಹೋಯಿತೋ ಅಷ್ಟು ಅದಕ್ಕೆ ಮೇಲಿನ ಜಾಗ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ರಿಂದ ಬಳಕೆಗೆ ಬಂದ ‘ಕೋಹಾ’ ಎಂಬ ಉಚಿತ ತಂತ್ರಾಂಶದಲ್ಲಿ ಪುಸ್ತಕಗಳನ್ನು ಹೀಗೆ ಜನಪ್ರಿಯತೆಯ ಮೇಲೆ ಜೋಡಿಸುವ ಸೌಲಭ್ಯವಿದೆ.

ಓದುಗರ ಸಮಯ ಉಳಿಸಿ ಎಂದು 1931ರಲ್ಲೇ ಎಸ್.ಆರ್. ರಂಗನಾಥನ್ ಹೇಳಿದ್ದರು. ಅದು ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಆದರೆ ಮೂರನೆಯದು ಏನನ್ನುತ್ತದೆ? ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು!

ತಕರಾರು ಇರುವುದೇ ಇಲ್ಲಿ. ಮೇಲಿದ್ದದ್ದು ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದು ಮನೆಗೆ ಹೋಗುತ್ತದೆ, ಹೋದದ್ದು ಮತ್ತೆ ಮೇಲೇರುತ್ತದೆ. ಉಳ್ಳವನಿಗೇ ಇನ್ನಷ್ಟು! ನಿನ್ನೆ ಬಂದ ಹೊಸ ಪುಸ್ತಕದ ಲೆಕ್ಕ ಸೊನ್ನೆ. ಅಲ್ಲೇ ಕೂತು ಓದಬೇಕಾದ ನಿಘಂಟು ಹೊರಗೇ ಹೋಗುವುದಿಲ್ಲ, ಅದರದೂ ಸೊನ್ನೆ. ಫ.ಗು. ಹಳಕಟ್ಟಿಯವರು 1923ರಲ್ಲಿ ಹೊರತಂದ ‘ವಚನ ಶಾಸ್ತ್ರ ಸಾರ’ ಹುಡುಕಿ ಬರುವವರು ಎಷ್ಟು ಮಂದಿ? ಪರೀಕ್ಷೆಯ ಗೈಡು ಅದರ ತಲೆಯ ಮೇಲೆ ಕೂತರೆ ಆಶ್ಚರ್ಯವಿಲ್ಲ.

ಬೀದರ್ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತಿದೆ. ಹುಮನಾಬಾದಿನ ಬಜಾರಿನಲ್ಲಿ ಕನ್ನಡ, ಉರ್ದು, ಮರಾಠಿ ಎಲ್ಲವೂ ಕೇಳಿಬರುತ್ತವೆ. ಎಲ್ಲ ಭಾಷೆಯ ಪುಸ್ತಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ, ಕಡಿಮೆ ಓದುಗರಿರುವ ಭಾಷೆಯ ಪುಸ್ತಕ ತಳಕ್ಕೇ ಬೀಳುವುದಲ್ಲವೆ? ಉರ್ದು ಓದುವ ಮುದುಕರಿಗೆ, “ಇಲ್ಲಿ ನಮ್ದು ಏನೂ ಇಲ್ಲ” ಅನ್ನಿಸಿದರೆ ತಪ್ಪು ಅವರದಲ್ಲ.

ಹಾಗಾದರೆ ಈ ಲೆಕ್ಕವೇ ಬೇಡವೆ? ಬೇಕು, ಹದದಲ್ಲಿ ಬೇಕು. ಕೇಳಿದ ಮಾತಿಗೆ ಹೊಂದುವುದು ಮೊದಲು, ಎರಡು ಪುಸ್ತಕ ಸಮಸಮ ಬಂದಾಗ ಮಾತ್ರ ಜನಪ್ರಿಯತೆ ನೋಡಲಿ. ಇಪ್ಪತ್ತು ವರ್ಷದ ಲೆಕ್ಕ ಬಿಟ್ಟು ಇತ್ತೀಚಿನ ಎರಡು ವರ್ಷದ್ದು ಹಿಡಿಯಲಿ. 10 ಸಲ ಹೋದದ್ದಕ್ಕೆ 1 ಅಂಕ, 100ಕ್ಕೆ 2, 1000ಕ್ಕೆ 3 ಎಂದು ಕೊಟ್ಟರೆ ದೊಡ್ಡದು ಚಿಕ್ಕದನ್ನು ನುಂಗದು. ಆಯಾ ಭಾಷೆಯ ಲೆಕ್ಕ ಆಯಾ ಭಾಷೆಯೊಳಗೇ ಇರಲಿ. ಕೂತು ಓದಿ ಮೇಜಿನ ಮೇಲೆ ಬಿಟ್ಟ ಪುಸ್ತಕವನ್ನೂ ಸಂಜೆ ಎಣಿಸಲಿ.

ರಾಜ್ಯದಲ್ಲಿ 1965ರ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ತೆರುವವರು ಎಲ್ಲ ಭಾಷೆಯವರೂ ಹೌದು. ದುಡ್ಡು ಎಲ್ಲರದು, ಪಟ್ಟಿ ಮಾತ್ರ ಬಹುಮತದವರದೇ? ಅನುಭವ ಮಂಟಪದಲ್ಲಿ ತಲೆ ಎಣಿಸಿ ಮಾತಿಗೆ ಬೆಲೆ ಕಟ್ಟಲಿಲ್ಲ. ಗ್ರಂಥಾಲಯದ ಕಂಪ್ಯೂಟರಿಗೂ ಆ ಬುದ್ಧಿ ಕಲಿಸಬೇಕು. ಸಂಬಂಧಪಟ್ಟವರು ಗಮನಿಸುವರೆ?