ಚರ್ಮದ ತುಂಡಿನಿಂದ ಸೆರಾಮಿಕ್ ಪ್ಯಾಡ್‌ವರೆಗೆ

1888ರ ಆಗಸ್ಟ್ ತಿಂಗಳು. ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ಕಾರ್ಲ್ ಬೆಂಜ್ ಅವರಿಗೆ ಹೇಳದೆಯೇ ಅವರ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು ನೂರು ಕಿಲೊಮೀಟರ್ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದವು. ದಾರಿಯಲ್ಲಿ ಬೂಟು ಹೊಲಿಯುವವರೊಬ್ಬರ ಬಳಿ ಗಾಡಿ ನಿಲ್ಲಿಸಿ, ಆ ಮರಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಸಾಗಿದರು. ಸವೆಯುವ ಕೆಲಸವನ್ನು ಒಂದು ಪದರಕ್ಕೆ ಒಪ್ಪಿಸುವುದು, ಅದು ಸವೆದಾಗ ಅದನ್ನಷ್ಟೇ ಬದಲಿಸುವುದು: ಇವತ್ತು ನಾವು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಳ್ಳುವ ಬ್ರೇಕ್ ಪ್ಯಾಡ್ ನಿಂತಿರುವುದು ಇದೇ ಉಪಾಯದ ಮೇಲೆ.

ಅಲ್ಲಿಂದ ಮುಂದಿನ ಕತೆಯೆಲ್ಲ ಶಾಖದ ಜೊತೆಗಿನ ಸೆಣಸಾಟ. ಬ್ರೇಕ್ ಒತ್ತಿದಾಗ ಕಾರಿನ ವೇಗ ಮಾಯವಾಗುವುದಿಲ್ಲ, ಶಾಖವಾಗಿ ಬದಲಾಗುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲುವಾಗ ಹುಟ್ಟುವ ಶಾಖ ಒಂದು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದೇ ಕಾರು 600 ಮೀಟರ್ ಎತ್ತರದ ಘಾಟಿ ಇಳಿದರೆ ಅದರ ಹದಿನೈದು ಪಟ್ಟು ಶಕ್ತಿಯನ್ನು ಎಂಜಿನ್, ಗಾಳಿ ಮತ್ತು ಬ್ರೇಕ್ ಸೇರಿ ಕರಗಿಸಬೇಕು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಆದರೆ ಅವರು ಡಿಸ್ಕನ್ನು ಹಿಡಿಯಲು ಬಳಸಿದ್ದು ತಾಮ್ರದ ಪ್ಯಾಡ್. ಲೋಹಕ್ಕೆ ಲೋಹ ಉಜ್ಜಿ ಕಿವಿಗಡಚಿಕ್ಕುವ ಕಿರುಚಾಟ. ಅಂದಿನ ದೂಳಿನ ರಸ್ತೆಗಳಲ್ಲಿ ತಾಮ್ರ ಬೇಗ ಸವೆಯುತ್ತಿತ್ತು. ಡರ್ಬಿಶೈರ್‌ನ ಗುಡ್ಡಗಾಡಿನಲ್ಲಿ 1897ರಲ್ಲಿ ಬ್ರೇಕ್ ತುಂಡುಗಳ ತಯಾರಿಕೆ ಆರಂಭಿಸಿದ್ದ ಹರ್ಬರ್ಟ್ ಫ್ರೂಡ್, ಮುಂದಿನ ಶತಮಾನದ ಮೊದಲ ದಶಕದಲ್ಲಿ ಕಲ್ನಾರಿನ ಲೈನಿಂಗ್ ತಂದರು. ಕಲ್ನಾರು ಅಗ್ಗ, ಉರಿಯುವುದಿಲ್ಲ, ಬಿಸಿಗೆ ಜಗ್ಗುವುದಿಲ್ಲ. ಆ ಹೊತ್ತಿಗೆ ಫ್ರಾನ್ಸಿನ ಲೂಯಿ ರೆನೊ ರೂಪಿಸಿದ್ದ ಡ್ರಮ್ ಬ್ರೇಕ್ ಬಳಕೆಗೆ ಬಂದಿತ್ತು. ಮುಂದಿನ ಅರ್ಧ ಶತಮಾನ ಡ್ರಮ್ಮಿನದೇ ರಾಜ್ಯಭಾರ.

ಆದರೆ ಡ್ರಮ್ಮಿಗೊಂದು ಹುಟ್ಟುದೋಷವಿದೆ. ಬಿಸಿಯಾದಾಗ ಅದು ಹಿಗ್ಗಿ, ಒಳಗಿನ ಬ್ರೇಕ್ ಶೂನಿಂದ ದೂರ ಸರಿಯುತ್ತದೆ. ಚಾಲಕ ಪೆಡಲ್ ಒತ್ತಿದಷ್ಟೂ ಅದು ಕೆಳಗಿಳಿಯುತ್ತದೆ, ಹಿಡಿತ ಸಿಗುವುದಿಲ್ಲ. ಡಿಸ್ಕ್ ಹಾಗಲ್ಲ. ಬಿಸಿಗೆ ಅದು ದಪ್ಪವಾಗುವುದೇ ಪ್ಯಾಡಿನ ಕಡೆಗೆ. ಮೇಲಾಗಿ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಡನ್‌ಲಪ್ ಕಂಪನಿ ವಿಮಾನಗಳಿಗೆ ಒದಗಿಸುತ್ತಿದ್ದ ಡಿಸ್ಕ್ ಬ್ರೇಕನ್ನು ಜಾಗ್ವಾರ್ ತನ್ನ ಸಿ-ಟೈಪ್ ರೇಸ್ ಕಾರಿಗೆ ಅಳವಡಿಸಿತು. 1953ರ ಲೆ ಮಾನ್ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗಂಟೆಗೆ ಸರಾಸರಿ 170 ಕಿ.ಮೀ. ವೇಗದಲ್ಲಿ ಗೆದ್ದರು. ಉಳಿದವರು ತಿರುವಿಗೆ ಬಲು ಮೊದಲೇ ಬ್ರೇಕ್ ಒತ್ತಬೇಕಿದ್ದಾಗ ಇವರು ಇನ್ನಷ್ಟು ದೂರ ವೇಗ ಉಳಿಸಿಕೊಳ್ಳಬಲ್ಲವರಾಗಿದ್ದರು, ಅದೂ ಇಪ್ಪತ್ತನಾಲ್ಕು ಗಂಟೆಯುದ್ದಕ್ಕೂ. ಎರಡೇ ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಡಿ.ಎಸ್. ಮುಂದಿನ ಗಾಲಿಗಳ ಡಿಸ್ಕ್ ಬ್ರೇಕನ್ನು ಸಂಸಾರಸ್ಥರ ಕಾರಿಗೂ ತಂದಿತು. ಇತ್ತ ನಮ್ಮ ನೆರೆಯ ಚೆನ್ನೈನಲ್ಲೂ 1962ರಲ್ಲಿ ಬ್ರೇಕ್ ತಯಾರಿಸುವ ಬ್ರೇಕ್ಸ್ ಇಂಡಿಯಾ ಕಾರ್ಖಾನೆ ಹುಟ್ಟಿಕೊಂಡಿತು.

ಈ ನಡುವೆ ಕಲ್ನಾರಿನ ನಿಜರೂಪ ಬಯಲಾಗಿತ್ತು. ಅದರ ಸೂಕ್ಷ್ಮ ನಾರು ಉಸಿರಿನೊಡನೆ ಒಳಸೇರಿ ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ, ಕ್ಯಾನ್ಸರ್ ತರುತ್ತದೆ. ಬ್ರೇಕ್ ಡ್ರಮ್ಮಿನ ದೂಳನ್ನು ಗಾಳಿ ಹೊಡೆದು ಝಾಡಿಸುತ್ತಿದ್ದ ಮೆಕ್ಯಾನಿಕ್‌ಗಳು ಬೆಲೆ ತೆತ್ತರು. ಬ್ರಿಟನ್ 1999ರಲ್ಲಿ, ಇಡೀ ಐರೋಪ್ಯ ಒಕ್ಕೂಟ 2005ರ ಹೊತ್ತಿಗೆ ಅದನ್ನು ನಿಷೇಧಿಸಿದವು. ಆ ಖಾಲಿ ಜಾಗ ತುಂಬಲು ನಡೆದ ಹುಡುಕಾಟದಿಂದಲೇ ಇಂದು ಅಂಗಡಿಯವರು ನಮ್ಮ ಮುಂದಿಡುವ ಮೂರು ಬಗೆಯ ಪ್ಯಾಡ್‌ಗಳು ಬಂದವು.

ಮೊದಲನೆಯದು ಆರ್ಗ್ಯಾನಿಕ್: ನಾರು, ರಬ್ಬರು, ರಾಳ ಬೆರೆಸಿದ್ದು. ಸದ್ದಿಲ್ಲ, ಡಿಸ್ಕಿಗೆ ಮೃದು. ಆದರೆ ಬೇಗ ಸವೆಯುತ್ತದೆ, ತೀರಾ ಬಿಸಿಯಾದರೆ ಹಿಡಿತ ಕುಗ್ಗುತ್ತದೆ. ಎರಡನೆಯದು ಸೆಮಿ-ಮೆಟಾಲಿಕ್: ಉಕ್ಕಿನ ನಾರು, ಕಬ್ಬಿಣದ ಪುಡಿ ಇರುವುದು. ಬಿಸಿಗೆ ಗಟ್ಟಿ, ಭಾರ ಹೊರುವ ಗಾಡಿಗೂ ಘಾಟಿ ದಾರಿಗೂ ಒಗ್ಗುತ್ತದೆ. ಸದ್ದು, ಕಪ್ಪು ದೂಳು, ಡಿಸ್ಕಿನ ಸವೆತ ಹೆಚ್ಚು. ಮೂರನೆಯದು ಸೆರಾಮಿಕ್: ಸದ್ದು ಕಡಿಮೆ, ದೂಳು ತಿಳಿ, ಬಾಳಿಕೆ ಚೆನ್ನು, ಬೆಲೆ ಜಾಸ್ತಿ. ಪೇಟೆಯೊಳಗೇ ಓಡುವ ಕಾರಿಗೆ ಮೊದಲನೆಯದು ಅಥವಾ ಮೂರನೆಯದು ಸಾಕು. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ತುಂಬಿದ ಗಾಡಿಯಲ್ಲಿ ಪದೇ ಪದೇ ಇಳಿಯುವವರು ಎರಡನೆಯದನ್ನು ಯೋಚಿಸಬೇಕು.

ಪ್ಯಾಡಿನ ಅಂಚಿನಲ್ಲೋ ಬೆನ್ನಿನಲ್ಲೋ ಅಚ್ಚಾದ ಸಂಕೇತದ ಕೊನೆಯಲ್ಲಿ ಎಫ್ಎಫ್, ಇಎಫ್ ಎಂಬಂಥ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ ಓದಿ ನೋಡಿ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ವಿಪರೀತ ಬಿಸಿಯಲ್ಲಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ಕಂಪನಿಯ ಮೂಲ ಪ್ಯಾಡಿಗಿಂತ ಕೆಳಗಿನ ದರ್ಜೆ ಬೇಡ. ಆರ್90 ಎಂಬ ಯುರೋಪಿನ ಗುರುತಿದ್ದರೆ ಅದರ ಹಿಡಿತ ಮೂಲ ಪ್ಯಾಡಿನದಕ್ಕೆ ಹತ್ತಿರದಲ್ಲೇ ಇದೆ, ಹೆಚ್ಚೆಂದರೆ ಶೇ 15ರ ವ್ಯತ್ಯಾಸ ಎಂದರ್ಥ.

ಡಿಸ್ಕಿನ ವಿಷಯದಲ್ಲಿ ಕಣ್ಣಂದಾಜು ಸಲ್ಲದು. ಗಾಲಿ ಬಿಚ್ಚಿದಾಗ ಡಿಸ್ಕಿನ ಹೊರ ಅಂಚಿಗೆ ಬೆರಳು ತಾಗಿಸಿದರೆ ಒಂದು ಏಣು ಸಿಗುತ್ತದೆ. ಪ್ಯಾಡ್ ಮುಟ್ಟದೆ ಉಳಿದ ಮೂಲ ದಪ್ಪ ಅದು. ಎಷ್ಟು ಸವೆಯಬಹುದು ಎಂಬ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಹೊಸತರಲ್ಲಿ 22 ಮಿ.ಮೀ. ಇದ್ದದ್ದಕ್ಕೆ 20 ಎಂದಿರುವುದುಂಟು. ಮೈಕ್ರೊಮೀಟರಿನಲ್ಲಿ ಅಳೆಸಿ, ಮಿತಿಗೆ ಬಂದಿದ್ದರೆ ಲೇತ್ ಹೊಡೆಸದೆ ಬದಲಿಸಿ. ತೆಳುವಾದ ಡಿಸ್ಕಿಗೆ ಶಾಖ ಹೀರುವ ಶಕ್ತಿ ಕಡಿಮೆ. ನಡುವೆ ಗಾಳಿಗಂಡಿ ಇರುವ ಡಿಸ್ಕಿನ ಜಾಗಕ್ಕೆ ಅಂಥದ್ದನ್ನೇ ಹಾಕಬೇಕು. ಮೈತುಂಬ ತೂತು ಕೊರೆದ ಡಿಸ್ಕ್ ನೋಡಲು ಚೆಂದ. ದಿನನಿತ್ಯದ ಕಾರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ, ತೂತಿನ ಸುತ್ತ ಬಿರುಕು ಬಿಡುವ ಭಯವೂ ಇದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಕಾರಿನ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಪಡೆದು ಕೊಳ್ಳಿ. ಎಡಬಲ ಎರಡೂ ಗಾಲಿಗೆ ಒಟ್ಟಿಗೇ ಬದಲಿಸಿ. ಒಂದೇ ಕಡೆ ಹೊಸದಾದರೆ ಬ್ರೇಕ್ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕ್ ಕೂರುವ ಹಬ್ಬಿನ ಮುಖದಿಂದ ತುಕ್ಕನ್ನು ಪೂರ್ತಿ ಕೆರೆಸಿ. ಅಲ್ಲಿ ಉಳಿದ ಒಂದು ಹಕ್ಕಳೆ ಸಾಕು, ಡಿಸ್ಕ್ ಓರೆಯಾಗಿ ಕೂತು ಅಸಮವಾಗಿ ಸವೆದು, ಕೆಲವು ಸಾವಿರ ಕಿಲೊಮೀಟರ್ ಕಳೆಯುವಷ್ಟರಲ್ಲಿ ಸ್ಟೀರಿಂಗ್ ನಡುಗತೊಡಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳುವುದು ಬಹುಪಾಲು ಈ ತೊಂದರೆಗೇ.

ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಬಾರಿ ಹದವಾಗಿ ಬ್ರೇಕ್ ಒತ್ತಿ, ನಡುನಡುವೆ ತಣಿಯಲು ಬಿಡಿ. ಆಗ ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮವಾಗಿ ಅಂಟಿ ಹಿಡಿತ ಕುದುರುತ್ತದೆ. ಘಾಟಿಯಲ್ಲಿ ಕೆಳಗಿನ ಗೇರಿಗೆ ಇಳಿಸಿ ಎಂಜಿನ್ನಿಗೂ ಪಾಲು ಕೊಡಿ. ಒಂದು ಶತಮಾನಕ್ಕೂ ಮೀರಿದ ದುಡಿಮೆ ಬ್ರೇಕಿಗೆ ಬಿಸಿ ತಾಳುವುದನ್ನು ಕಲಿಸಿದೆ. ಅದು ಎಷ್ಟು ತಾಳಬಲ್ಲದು ಎಂದು ಅರಿತು ಕೊಳ್ಳುವ, ಅರಿತು ಓಡಿಸುವ ಹೊಣೆ ಮಾತ್ರ ನಮ್ಮದು.