ಸೇವಾ ಕೇಂದ್ರಗಳ ಥಿನ್ ಕ್ಲೈಂಟ್ ಗಣಕಯಂತ್ರಗಳು ತಡವಾಗಿ ಆರಂಭವಾಗುವುದೇಕೆ? – ಸಾರ್ವಜನಿಕರಿಗೆ ಮಾಹಿತಿ

ಕಚೇರಿ ತೆರೆದ ನಂತರವೂ ಕೌಂಟರಿನ ಗಣಕಯಂತ್ರ ಸಿದ್ಧವಾಗದೆ ಅರ್ಜಿದಾರರು ಸರದಿಯಲ್ಲಿ ಕಾಯಬೇಕಾಗುವ ಸಂದರ್ಭಗಳುಂಟು. ದಿನಗೂಲಿ ಬಿಟ್ಟು ಬಂದವರಿಗೆ ಹಾಗೂ ವಿದ್ಯಾರ್ಥಿವೇತನದ ಕೊನೆಯ ದಿನಾಂಕದೊಳಗೆ ಆದಾಯ ಪ್ರಮಾಣಪತ್ರ ಪಡೆಯಬೇಕಾದವರಿಗೆ ಈ ವಿಳಂಬವು ಸಣ್ಣ ವಿಷಯವಲ್ಲ. ಥಿನ್ ಕ್ಲೈಂಟ್ ಯಂತ್ರಗಳನ್ನು ಬಳಸುವ ಕೇಂದ್ರಗಳಲ್ಲಿ ಇದಕ್ಕೆ ಕಾರಣಗಳೇನು, ಪರಿಹಾರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಥಿನ್ ಕ್ಲೈಂಟ್ ಎಂದರೇನು?

ಸ್ವತಂತ್ರವಾಗಿ ಕೆಲಸ ಮಾಡದೆ ಸರ್ವರನ್ನು ಅವಲಂಬಿಸಿರುವ ಸಣ್ಣ ಗಣಕಯಂತ್ರವೇ ಥಿನ್ ಕ್ಲೈಂಟ್. ತಂತ್ರಾಂಶ ಮತ್ತು ಮಾಹಿತಿ ಸರ್ವರಿನಲ್ಲಿರುತ್ತವೆ. ಕೌಂಟರಿನಲ್ಲಿ ಪರದೆ, ಕೀಲಿಮಣೆ ಮತ್ತು ಮೌಸ್ ಮಾತ್ರ ಕೆಲಸ ಮಾಡುತ್ತವೆ. ಆದುದರಿಂದ ಕೌಂಟರಿನ ಯಂತ್ರ ಕೆಟ್ಟರೂ ಸರ್ವರಿನಲ್ಲಿ ದಾಖಲಾದ ಅರ್ಜಿ ನಷ್ಟವಾಗುವುದಿಲ್ಲ. ಆದರೆ ಜಾಲದಲ್ಲಿ ತೊಂದರೆಯಾದರೆ ಎಲ್ಲ ಕೌಂಟರುಗಳೂ ಒಟ್ಟಿಗೆ ನಿಧಾನವಾಗಬಹುದು.

2. ಯಂತ್ರ ಆರಂಭವಾಗುವ ಹಂತಗಳು

ಜಾಲದ ಮೂಲಕ ಆರಂಭವಾಗುವ ಯಂತ್ರವು ನಾಲ್ಕು ಹಂತಗಳನ್ನು ದಾಟುತ್ತದೆ.

ಅ) ಸ್ವಿಚ್‌ನೊಡನೆ ಸಂಪರ್ಕ ಪಡೆಯುವುದು.
ಆ) ಡಿ.ಎಚ್.ಸಿ.ಪಿ. ಸೇವೆಯಿಂದ ಜಾಲ ವಿಳಾಸ ಪಡೆಯುವುದು.
ಇ) ಟಿ.ಎಫ್.ಟಿ.ಪಿ. ವಿಧಾನದಲ್ಲಿ ಆರಂಭಿಕ ಕಡತವನ್ನು ತರಿಸಿಕೊಳ್ಳುವುದು.
ಈ) ಸರ್ವರಿಗೆ ಲಾಗಿನ್ ಆಗುವುದು.

3. ವಿಳಂಬದ ಸಾಮಾನ್ಯ ಕಾರಣಗಳು ಮತ್ತು ಪರಿಹಾರ

ಸ್ವಿಚ್‌ನ ಕಾಯುವಿಕೆ: ಜಾಲದಲ್ಲಿ ಮಾಹಿತಿ ಸುತ್ತುತ್ತಲೇ ಇರದಂತೆ ತಡೆಯಲು ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆಯಿರುತ್ತದೆ. ಇದರ ಹಳೆಯ ವಿಧಾನದಲ್ಲಿ ಹೊಸ ಸಂಪರ್ಕವನ್ನು 15 ಸೆಕೆಂಡುಗಳಂತೆ ಎರಡು ಹಂತ, ಅಂದರೆ ಒಟ್ಟು 30 ಸೆಕೆಂಡು ತಡೆಹಿಡಿಯಲಾಗುತ್ತದೆ. ಯಂತ್ರವಾದರೋ ವಿಳಾಸ ಕೋರಿ 4, 8, 16 ಮತ್ತು 32 ಸೆಕೆಂಡು ಕಾದು ಪ್ರಯತ್ನ ಕೈಬಿಡುತ್ತದೆ. ಅದರ ನಾಲ್ಕನೆಯ ಕೋರಿಕೆಯೂ ಮೊದಲ ಕೋರಿಕೆಯ ನಂತರ 28ನೆಯ ಸೆಕೆಂಡಿನಲ್ಲೇ ಹೊರಡುವುದರಿಂದ ಒಂದಕ್ಕೂ ಉತ್ತರ ದೊರೆಯದಿರಬಹುದು. ಥಿನ್ ಕ್ಲೈಂಟ್ ಜೋಡಿಸಿದ ಪೋರ್ಟುಗಳನ್ನು ಮಾತ್ರ ‘ಎಡ್ಜ್ ಪೋರ್ಟ್’ ಎಂದು ನಿಗದಿಪಡಿಸುವುದೇ ಇದಕ್ಕೆ ಪರಿಹಾರ. ಎರಡು ಸ್ವಿಚ್‌ಗಳ ನಡುವಿನ ಸಂಪರ್ಕಕ್ಕೆ ಇದನ್ನು ಅನ್ವಯಿಸಬಾರದು.

ಕಡತ ರವಾನೆ: ಟಿ.ಎಫ್.ಟಿ.ಪಿ. ವಿಧಾನವು ಸಾಮಾನ್ಯವಾಗಿ ಕಡತವನ್ನು 512 ಬೈಟ್‌ಗಳ ತುಂಡುಗಳಾಗಿ ಕಳುಹಿಸುತ್ತದೆ. ಒಂದು ತುಂಡು ತಲುಪಿದ ಉತ್ತರ ಬಂದ ಮೇಲೆಯೇ ಮುಂದಿನದು ಹೊರಡುತ್ತದೆ. 20 ಎಂ.ಬಿ. ಕಡತಕ್ಕೆ ಸುಮಾರು 41,000 ತುಂಡುಗಳಾಗುತ್ತವೆ. ಸರ್ವರ್ ದೂರದಲ್ಲಿದ್ದು, ಹೋಗಿಬರಲು 10 ಮಿಲಿಸೆಕೆಂಡು ಬೇಕಾದಲ್ಲಿ ಇದಕ್ಕೇ ಸುಮಾರು 7 ನಿಮಿಷ ತಗಲುತ್ತದೆ. ತುಂಡಿನ ಗಾತ್ರವನ್ನು 1,456 ಬೈಟ್‌ಗೆ ಏರಿಸಿದಲ್ಲಿ ಈ ಅವಧಿ ಎರಡೂವರೆ ನಿಮಿಷದೊಳಗೆ ಇಳಿಯುತ್ತದೆ. ಆರಂಭಿಕ ಕಡತವನ್ನು ಅದೇ ಕಟ್ಟಡದ ಸರ್ವರಿನಲ್ಲಿ ಇಡುವುದು ಇನ್ನೂ ಉತ್ತಮ.

ಬೆಳಗಿನ ದಟ್ಟಣೆ: 30 ಯಂತ್ರಗಳನ್ನು ಒಮ್ಮೆಲೇ ಚಾಲೂ ಮಾಡಿದರೆ ಸರ್ವರ್ 600 ಎಂ.ಬಿ. ಕಳುಹಿಸಬೇಕಾಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ತಂತಿಯಲ್ಲಿ ಇದಕ್ಕೆ ಕನಿಷ್ಠ 48 ಸೆಕೆಂಡು ಬೇಕು. ಸರ್ವರಿನ ಸಂಪರ್ಕವನ್ನು ಗಿಗಾಬಿಟ್‌ಗೆ ಏರಿಸುವುದು ಮತ್ತು ಸಾರ್ವಜನಿಕ ವೇಳೆಗೆ ಮುನ್ನವೇ ಯಂತ್ರಗಳನ್ನು ಒಂದೊಂದು ಗುಂಪಾಗಿ ಚಾಲೂ ಮಾಡುವುದು ಸೂಕ್ತ.

ಇತರ ಕಾರಣಗಳು: ಸಡಿಲವಾದ ಅಥವಾ ಹಾಳಾದ ಕೇಬಲ್, ಸ್ವಿಚ್ ಮತ್ತು ಯಂತ್ರದ ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿರುವುದು, ಅನಧಿಕೃತ ರೌಟರ್ ತಪ್ಪು ವಿಳಾಸ ನೀಡುತ್ತಿರುವುದು, ಯಂತ್ರದಲ್ಲಿ ಮರೆತುಹೋದ ಪೆನ್ ಡ್ರೈವ್‌ನಿಂದ ಯಂತ್ರ ಆರಂಭವಾಗಲು ಯತ್ನಿಸುವುದು.

4. ದೋಷವನ್ನು ಪತ್ತೆ ಹಚ್ಚುವ ಕ್ರಮ

ಮೊದಲು ವಿಳಂಬವು ಒಂದೇ ಯಂತ್ರದಲ್ಲಿದೆಯೇ, ಎಲ್ಲದರಲ್ಲೂ ಇದೆಯೇ ಎಂದು ನೋಡತಕ್ಕದ್ದು. ಒಂದರಲ್ಲಿ ಮಾತ್ರ ಇದ್ದರೆ ಅದರ ಕೇಬಲ್ ಮತ್ತು ಸ್ವಿಚ್ ಪೋರ್ಟನ್ನು ಬದಲಿಸಿ ಪರೀಕ್ಷಿಸಬೇಕು. ಎಲ್ಲದರಲ್ಲೂ ಇದ್ದರೆ ಒಂದೇ ಯಂತ್ರವನ್ನು ಚಾಲೂ ಮಾಡಿ ನೋಡಬೇಕು: ಅದು ಬೇಗ ಆರಂಭವಾದರೆ ದಟ್ಟಣೆಯೇ ಕಾರಣವಾಗಿರುವ ಸಂಭವ ಹೆಚ್ಚು. ಆಗಲೂ ತಡವಾದರೆ ಮೇಲಿನ ನಾಲ್ಕು ಹಂತಗಳಲ್ಲಿ ಪ್ರತಿಯೊಂದಕ್ಕೂ ತಗಲುವ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಹೆಚ್ಚು ಸಮಯ ಹಿಡಿದ ಹಂತದಲ್ಲಿಯೇ ದೋಷವನ್ನು ಹುಡುಕತಕ್ಕದ್ದು. ಪದೇ ಪದೇ ಸ್ವಿಚ್ ಒತ್ತುವುದರಿಂದ ಮೊದಲಿನಿಂದ ಮತ್ತೆ ಆರಂಭಿಸಿದಂತಾಗುತ್ತದೆಯೇ ಹೊರತು ಪ್ರಯೋಜನವಿಲ್ಲ.

5. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಅರ್ಜಿ ದಾಖಲಾಗುವಾಗ ಯಂತ್ರ ಸ್ಥಗಿತಗೊಂಡಲ್ಲಿ, ಅರ್ಜಿ ಸರ್ವರಿನಲ್ಲಿ ದಾಖಲಾಗಿದೆಯೇ ಎಂದು ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳಿ. ಅದಕ್ಕೆ ಮುನ್ನ ಎರಡನೆಯ ಬಾರಿ ಶುಲ್ಕ ಪಾವತಿಸಬೇಡಿ.
• ಸ್ವೀಕೃತಿ ಪತ್ರವಿಲ್ಲದೆ ಕೌಂಟರಿನಿಂದ ತೆರಳಬೇಡಿ. 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಸ್ವೀಕೃತಿಯಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ.
• ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಈ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.
• ಕೌಂಟರಿನ ಪ್ಲಗ್ ಹಾಗೂ ಕೇಬಲ್‌ಗಳನ್ನು ಕದಲಿಸಬೇಡಿ. ತಂದ ಪೆನ್ ಡ್ರೈವನ್ನು ಮರೆಯದೆ ಹಿಂಪಡೆಯಿರಿ.
• ಕೊನೆಯ ದಿನದವರೆಗೆ ಕಾಯದೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಿ.

ವಿಳಂಬವು ದಿನವೂ ಮರುಕಳಿಸುತ್ತಿದ್ದಲ್ಲಿ ದಿನಾಂಕ, ವೇಳೆ ಮತ್ತು ಕೌಂಟರ್ ಸಂಖ್ಯೆಯನ್ನು ನಮೂದಿಸಿ ಕೇಂದ್ರದ ಮೇಲ್ವಿಚಾರಕರಿಗೆ ಲಿಖಿತವಾಗಿ ತಿಳಿಸಲು ಕೋರಲಾಗಿದೆ. ದೋಷ ಯಾವ ವೇಳೆಯಲ್ಲಿ, ಯಾವ ಕೌಂಟರಿನಲ್ಲಿ ಕಾಣಿಸುತ್ತದೆ ಎಂಬ ಮಾಹಿತಿಯು ಅದನ್ನು ಸರಿಪಡಿಸಲು ನೆರವಾಗುತ್ತದೆ.