ಮೀನಿನ ತೊಟ್ಟಿಯಲ್ಲಿ ಬದುವಿನ ಜಗಳ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಿಳಿಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ಬದುವಿನ ಜಗಳವೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಗೇಣಗಲದ ನೆಲಕ್ಕಾಗಿ ಒಡಹುಟ್ಟಿದವರೂ ಮಾತು ಬಿಡುವುದುಂಟು. ಮನೆಯ ಪಡಸಾಲೆಯಲ್ಲಿಟ್ಟ ಗಾಜಿನ ತೊಟ್ಟಿಯೊಳಗೂ ಇದೇ ವ್ಯಾಜ್ಯ ನಡೆಯುತ್ತದೆಂದು ನಾವು ಮಾತ್ರ ತಡವಾಗಿ ಅರಿತೆವು.

ನಮ್ಮ ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ್ದು. ಅದರಲ್ಲಿ ಎರಡು ಏಂಜೆಲ್ ಮೀನುಗಳಿದ್ದವು. ‘ಎಲ್ಲವೂ ಕೂಡಿ ಬಾಳುತ್ತವೆ’ ಎಂಬ ಅಂಗಡಿಕಾರನ ಮಾತನ್ನು ನಂಬಿ ಕಪ್ಪು ಪಟ್ಟೆಯ ಕಾನ್ವಿಕ್ಟ್ ಮೀನುಗಳ ಜೋಡಿಯೊಂದನ್ನು ತಂದು ಬಿಟ್ಟೆವು. ಆ ಜೋಡಿ ಮಗುಚಿಟ್ಟ ಕುಡಿಕೆಯೊಳಗೆ ಮೊಟ್ಟೆಯಿಟ್ಟಿತು. ಅಂದಿನಿಂದ ಏಂಜೆಲ್‌ಗಳಿಗೆ ನಿಲ್ಲಲು ಒಂದು ಮೂಲೆಯ ಹೊರತು ಎಡೆಯಿಲ್ಲವಾಯಿತು. ಅವುಗಳ ನೀಳವಾದ ರೆಕ್ಕೆಗಳು ಹರಿದು ಚಿಂದಿಯಾದವು. ಹತ್ತನೆಯ ದಿನ ಒಂದು ಸತ್ತಿತು. ‘ಅದು ಏನು ತಪ್ಪು ಮಾಡಿತ್ತು?’ ಎಂದು ನಮ್ಮ ಮಗಳು ಕೇಳಿದಳು. ತಪ್ಪು ಮೀನಿನದಲ್ಲ, ನಮ್ಮದು.

ಈ ಎರಡು ಜಾತಿಗಳೂ ಸಿಕ್ಲಿಡ್ ಎಂಬ ವಂಶಕ್ಕೆ ಸೇರಿದವು. ಕೇರಳದವರು ಮೆಚ್ಚುವ ಕರಿಮೀನೂ ಇದೇ ವಂಶದ್ದು. ತಾವು ಹಿಡಿದ ನೆಲವನ್ನೂ ಮರಿಗಳನ್ನೂ ಕಾಯುವುದು ಇವುಗಳ ಹುಟ್ಟುಗುಣ. ಹೊಳೆಯಲ್ಲಾದರೆ ಸೋತ ಮೀನು ಹತ್ತು ಮಾರು ಓಡಿ ಪ್ರಾಣ ಉಳಿಸಿಕೊಳ್ಳುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ಓಡಲು ಜಾಗವೇ ಇಲ್ಲ. ಗಾಜು ಜಗಳವನ್ನು ಹುಟ್ಟಿಸುವುದಿಲ್ಲ, ಮುಗಿಯಲು ಬಿಡುವುದಿಲ್ಲ.

ಜಗಳಕ್ಕೆ ಮೊದಲ ಕಿಡಿ ಬೀಳುವುದು ಹೆಚ್ಚಾಗಿ ಕಣ್ಣಿನಿಂದ. ಹಾಲೆಂಡಿನಲ್ಲಿ ಹುಟ್ಟಿದ ವಿಜ್ಞಾನಿ ನಿಕೊ ಟಿಂಬರ್ಗೆನ್ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನನ್ನು ಪರೀಕ್ಷಿಸಿದರು. ಮರಿಮಾಡುವ ಕಾಲದಲ್ಲಿ ಅದರ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಮೀನಿನ ಆಕಾರವೇ ಇಲ್ಲದ ಒರಟು ಬೊಂಬೆಯಾದರೂ ಸರಿ, ಅದರ ಕೆಳಭಾಗ ಕೆಂಪಗಿದ್ದರೆ ಗಂಡು ಅದರ ಮೇಲೆ ಎರಗುತ್ತಿತ್ತು. ಕಿಟಕಿಯಾಚೆ ಅಂಚೆಯ ಕೆಂಪು ಬಂಡಿ ಹಾದುಹೋದಾಗಲೂ ತೊಟ್ಟಿಯ ಗಂಡುಗಳು ಕೆರಳಿದುದನ್ನು ಅವರು ಬರೆದಿದ್ದಾರೆ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ 1963ರಲ್ಲಿ ಪ್ರಾಣಿಗಳ ಆಕ್ರಮಣಶೀಲತೆಯನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿದರು. 1973ರಲ್ಲಿ ಇವರಿಬ್ಬರಿಗೂ ಕಾರ್ಲ್ ಫಾನ್ ಫ್ರಿಶ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಕಣ್ಣಿನ ಮಾತು ಬಂದಮೇಲೆ ಭೌತಶಾಸ್ತ್ರವೂ ಬಂದಂತೆಯೇ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಆದುದರಿಂದ ನಡುವೆ ಒಂದು ಕಲ್ಲು ನಿಂತರೆ ಒಂದು ಮೀನು ಇನ್ನೊಂದಕ್ಕೆ ಕಾಣಿಸದು. ಕಲ್ಲು, ಕುಡಿಕೆ, ದಟ್ಟವಾದ ಗಿಡಗಳನ್ನು ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿ ನೇರವಾಗಿ ಕಾಣದಂತೆ ಇಡತಕ್ಕದ್ದು. ಕುಡಿಕೆಗೆ ಎರಡು ಬಾಯಿಗಳಿದ್ದರೆ ಒಳಹೊಕ್ಕ ಮೀನು ಸಿಕ್ಕಿಬೀಳುವುದಿಲ್ಲ. ರಾತ್ರಿ ಬಸ್ಸಿನೊಳಗೆ ದೀಪವಿದ್ದಾಗ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುವಂತೆ, ಕತ್ತಲೆಯ ಕೋಣೆಯಲ್ಲಿ ತೊಟ್ಟಿಯ ದೀಪ ಮಾತ್ರ ಉರಿಯುತ್ತಿದ್ದರೆ ಮೀನಿಗೆ ತನ್ನ ಪ್ರತಿಬಿಂಬವೇ ವೈರಿಯಾಗಿ ತೋರುವುದುಂಟು. ಕೋಣೆಯಲ್ಲಿಯೂ ಒಂದು ದೀಪವಿರಲಿ.

ಕಲ್ಲನ್ನು ಆರಿಸುವಾಗ ಎಚ್ಚರ ಬೇಕು. ಮುದ್ದೇಬಿಹಾಳ, ತಾಳಿಕೋಟೆಗಳ ಕಡೆ ಸುಣ್ಣಕಲ್ಲು ಹೇರಳ. ಅದು ನೀರಿನಲ್ಲಿ ಮೆಲ್ಲಗೆ ಕರಗಿ ಗಡಸುತನವನ್ನು ಹೆಚ್ಚಿಸುತ್ತದೆ. ಇಂಡಿಯ ನಿಂಬೆಹಣ್ಣಿನ ನಾಲ್ಕು ಹನಿಗಳನ್ನು ಕಲ್ಲಿನ ಮೇಲೆ ಹಿಂಡಿರಿ. ನೊರೆಯೆದ್ದರೆ ಆ ಕಲ್ಲು ಬೇಡ. ನಮ್ಮ ಕರಿಕಲ್ಲು ನಿರಪಾಯವಾದುದು.

ಸಿಕ್ಲಿಡ್‌ಗಳು ಕಾಯುವುದು ಮುಖ್ಯವಾಗಿ ನೆಲವನ್ನು, ನೀರಿನ ಎತ್ತರವನ್ನಲ್ಲ. ನಮ್ಮ ತೊಟ್ಟಿಯ ಘನ ಅಳತೆ 72 ಲೀಟರು, ನೆಲ 1800 ಚದರ ಸೆಂ.ಮೀ. ಅದೇ 72 ಲೀಟರನ್ನು 90 ಸೆಂ.ಮೀ. ಉದ್ದ, 32 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ತೊಟ್ಟಿಗೆ ಸುರಿದರೆ ನೆಲ 2880 ಚದರ ಸೆಂ.ಮೀ. ಆಗುತ್ತದೆ. ನೀರು ಅಷ್ಟೇ, ನೆಲ 1.6 ಪಟ್ಟು! ನೀರಿನ ಮೇಲ್ಮೈಯೂ ಅಷ್ಟೇ ಹಿಗ್ಗುವುದರಿಂದ ಗಾಳಿಯೊಳಗಿನ ಆಮ್ಲಜನಕ ಹೆಚ್ಚು ಸುಲಭವಾಗಿ ನೀರಿಗಿಳಿಯುತ್ತದೆ.

ನಮ್ಮ ಸೀಮೆಯ ಬೇಸಗೆಯಲ್ಲಿ ಇದು ಸಣ್ಣ ಲಾಭವಲ್ಲ. ಸಮುದ್ರಮಟ್ಟದ ವಾಯುಭಾರದಲ್ಲಿ 25 ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ಸಿಹಿನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ನೀರಿನಲ್ಲಿ ದೊರೆಯುವುದು ಕಡಿಮೆಯಾಗುತ್ತದೆ. ಅಟ್ಟಿಸಿಕೊಂಡು ಓಡುವ ಮೀನು ಮೊದಲು ಸೋಲುವುದು ಇಲ್ಲಿಯೇ.

ಹೊಸ ಮೀನನ್ನು ಬಿಡುವ ದಿನ ಕಲ್ಲು ಕುಡಿಕೆಗಳ ಸ್ಥಾನವನ್ನು ಬದಲಾಯಿಸಿ, ದೀಪವಾರಿಸಿ ಬಿಡಬೇಕು. ಬದು ಅಳಿಸಿಹೋದರೆ ಹಳಬರೂ ಹೊಸಬರೇ ಆಗುತ್ತಾರೆ. ಆಹಾರವನ್ನು ಎರಡು ಕಡೆ ಹಾಕತಕ್ಕದ್ದು. ಟೈಗರ್ ಬಾರ್ಬ್‌ಗಳನ್ನು ಒಂದೆರಡಾಗಿ ಸಾಕಬಾರದು. ಎಂಟು ಹತ್ತು ಕೂಡಿದ್ದರೆ ಅವು ತಮ್ಮತಮ್ಮೊಳಗೇ ಕಚ್ಚಾಡಿ ಪರರನ್ನು ಅಷ್ಟಾಗಿ ಕಾಡುವುದಿಲ್ಲ. ಆದರೂ ನೀಳ ರೆಕ್ಕೆಯ ಮೀನುಗಳೊಡನೆ ಅವು ಬೇಡ. ಒಂದೇ ಮೀನು ಎಲ್ಲರನ್ನೂ ಪೀಡಿಸುತ್ತಿದ್ದರೆ, ಪೆಟ್ಟು ತಿಂದುದನ್ನಲ್ಲ, ಪೀಡಿಸುವುದನ್ನೇ ಕೆಲವು ದಿನ ಬೇರೆಯಿಡಿರಿ. ಮರಳಿ ಬಂದಾಗ ಅದು ಯಜಮಾನನಲ್ಲ, ನೆಂಟ. ಮರಿಗಳನ್ನು ಕಾಯುವ ಜೋಡಿಗೆ ಮಾತ್ರ ಈ ಯಾವ ಉಪಾಯವೂ ಸಾಲದು, ಅದಕ್ಕೆ ಬೇರೆ ತೊಟ್ಟಿಯೇ ಬೇಕು.

ನಾವು ಕಡೆಗೆ ಹಾಗೆಯೇ ಮಾಡಿದೆವು. ಉಳಿದ ಏಂಜೆಲ್ ಮೂಲೆಯನ್ನು ಬಿಟ್ಟು ಹೊರಬರಲು ಮೂರು ದಿನ ಹಿಡಿಯಿತು. ಅದರ ರೆಕ್ಕೆ ಮತ್ತೆ ಬೆಳೆಯುತ್ತಿರುವುದನ್ನು ಮಗಳೇ ಮೊದಲು ಕಂಡು ನಮ್ಮನ್ನು ಕರೆದಳು.